ಹಿಂದಿನ ಗಾಜು

ಆ ಮನೆಯವರ ಪ್ರತಿ ಪ್ರಯಾಣವೂ ಹಿಂದಕ್ಕೆ ಹೋಗುವುದರಿಂದಲೇ ಶುರುವಾಗುತ್ತಿತ್ತು. ನಾಗಪುರದ ಸದರ್‌ನ ಆ ಗಲ್ಲಿ ಕಾರಿಗೆ ಒಳಬರಲೇನೋ ದಾರಿ ಕೊಡುತ್ತಿತ್ತು, ತಿರುಗಿಕೊಳ್ಳಲು ಮಾತ್ರ ಜಾಗ ಕೊಡುತ್ತಿರಲಿಲ್ಲ. ಮನೆ ಇದ್ದದ್ದು ಗಲ್ಲಿಯ ತುದಿಗೆ. ಊರಿಗೆ ಹೊರಟರೂ ಅಷ್ಟೆ, ಬುತ್ತಿ ಕಟ್ಟಿಕೊಂಡು ಕನ್ಹಾನ್ ಹೊಳೆದಂಡೆಗೆ ಹೊರಟರೂ ಅಷ್ಟೆ, ಮೊದಲು ಹಿಂದೆ ಹಿಂದೆ ಸರಿದು ದೊಡ್ಡ ರಸ್ತೆಗೆ ಬೀಳಬೇಕು.

ಗುರುಸಿದ್ದಪ್ಪನವರಿಗೆ ಅದು ಕಷ್ಟವೆನಿಸಿದ್ದೇ ಇಲ್ಲ. ಧಾರವಾಡದ ಕಡೆಯಿಂದ ರೈಲ್ವೆ ಗಾರ್ಡ್ ಆಗಿ ನಾಗಪುರಕ್ಕೆ ಬಂದು, ನಿವೃತ್ತಿಯವರೆಗೂ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ನಿಂತವರು. “ಹಿಂದ ನೋಡೂದಕ್ಕ ಸರಕಾರ ನನಗ ಪಗಾರ ಕೊಟ್ಟೈತಿ” ಅನ್ನುತ್ತಿದ್ದರು. ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಚಾಚಿ, ಪೂರಾ ಹೊರಳಿ, ಹಿಂದಿನ ಗಾಜಿನಲ್ಲಿ ಕಣ್ಣು ನೆಟ್ಟು, ಸೂಜಿಗೆ ದಾರ ಪೋಣಿಸಿದ ಹಾಗೆ ಆ ಬಿಳಿ ಕಾರನ್ನು ಹೊರಗೆ ತರುತ್ತಿದ್ದರು.

ಹಿಂದಿನ ಸೀಟಿನ ನಡುವೆ ಕೂರುತ್ತಿದ್ದವಳು ಮಗಳು ಸಿಂಚನಾ. ಅಪ್ಪನ ಮಾತು ಕಡಿಮೆ, ಅವಳದು ಅದಕ್ಕಿಂತ ಕಡಿಮೆ. ಅಪ್ಪ ಡ್ಯೂಟಿಯಿಂದ ಬಂದರೆ ನಿದ್ದೆ, ಎದ್ದರೆ ಡ್ಯೂಟಿ. ಕಾರು ಹತ್ತಿದರೂ ಅವಳಿಗೆ ಕಾಣುತ್ತಿದ್ದುದು ಅವರ ಹಿಂಗತ್ತು ಮಾತ್ರ. ಆದರೆ ಆ ಗಲ್ಲಿಯ ಉದ್ದಕ್ಕೂ ಅಪ್ಪನ ಇಡೀ ಮುಖ ಅವಳೆದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. “ತಲಿ ಬಗ್ಗಸವಾ.” ತಲೆ ಬಗ್ಗಿಸಿ, ಕಳ್ಳಗಣ್ಣಿನಲ್ಲಿ ನೋಡುತ್ತಿದ್ದಳು. ರಸ್ತೆ ಮುಟ್ಟಿದ ಮೇಲೆ, ಮುಂದಕ್ಕೆ ಹೊರಳುವ ಮೊದಲು, ಅವರ ಕಣ್ಣು ಗಾಜಿನಿಂದಿಳಿದು ಅವಳ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ರೈಲು ಹೊರಡುವಾಗ ಡ್ರೈವರನಿಗೂ ಗಾರ್ಡನಿಗೂ ನಡುವೆ ನಡೆಯುವ ಮಾತನ್ನೇ ಕೇಳುತ್ತಿದ್ದರು:

“ಆಲ್‌ರೈಟ್?”

“ಆಲ್‌ರೈಟ್!”

ಹಾಜರಿ ಕರೆದಾಗ ಬಾಯಿ ಬಿಡಲು ನಾಚುತ್ತಿದ್ದ ಹುಡುಗಿಗೆ ಆ ಒಂದು ಮಾತು ಅಷ್ಟು ಗಟ್ಟಿಯಾಗಿ ಎಲ್ಲಿಂದ ಬರುತ್ತಿತ್ತೋ!

ಈಗ ಸಿಂಚನಾಳ ಡಿಗ್ರಿಯೂ ಮುಗಿದಿದೆ. ಬಿಳಿ ಕಾರಿಗೆ ಮುಪ್ಪು ಬಂದಿದೆ. ದೀಪಾವಳಿಯ ಹೊತ್ತಿಗೆ ಅದು ಎದುರುಮನೆಯ ಚಾರುಲತಾ ಕಾಕುವಿನ ತುಳಸಿಕಟ್ಟೆಗೆ ತಾಗಿತು. ಸಂಕ್ರಾಂತಿಗೆ ಮತ್ತೊಮ್ಮೆ. “ಅಸೂ ದ್ಯಾ ಭಾವೂಜಿ” ಎಂದು, ಇರಲಿ ಬಿಡಿ ಎನ್ನುವಂತೆ ಕಾಕು ನಕ್ಕುಬಿಟ್ಟರು. ಬೈದಿದ್ದರೇ ಗುರುಸಿದ್ದಪ್ಪನವರಿಗೆ ಹಗುರಾಗುತ್ತಿತ್ತು. ನೋಯುತ್ತಿದ್ದ ಕತ್ತಿಗೆ ಡಾಕ್ಟರು ಪಟ್ಟಿ ಹಾಕಿಸಿದರು. ಎಂಟು ದಿನಕ್ಕೇ ಅದನ್ನು ಬಿಚ್ಚಿಟ್ಟು, “ಕತ್ತು ಬರೋಬರ್ ಆತು. ಮುದುಕ ಆಗಿದ್ದು ಗಾಡಿ, ನಾ ಅಲ್ಲ” ಎಂದರು.

“ಹಂಗಾರ ಹೊಸಾದ್ ತಗೊಳ್ರಿ” ಎಂದರು ಹೆಂಡತಿ ಭಾನುಮತಿ.

ಸಿಂಚನಾಳ ತಮ್ಮ ಗಗನ್‌ಗೆ ಇನ್ನೂ ಲೈಸೆನ್ಸಿನ ವಯಸ್ಸಿಲ್ಲ, ಅಭಿಪ್ರಾಯಕ್ಕೇನೂ ಬರವಿಲ್ಲ. ಅವನಿಗೆ ಎತ್ತರದ ಗಾಡಿ ಬೇಕು. “ಡಿಕ್ಕಿ ಇಲ್ಲದ್ದು ಕಾರೇ ಅಲ್ಲ” ಎಂದು ಅಪ್ಪ ಅದನ್ನು ಅಲ್ಲಿಗೇ ಮುಗಿಸಿದರು. ಕೊನೆಗೆ ಉಳಿದದ್ದು ಮೂರು ಕಾರು. ಅವ್ವನ ಬಾಯಲ್ಲಿ ಹೆಸರು ನಿಲ್ಲದ್ದಕ್ಕೆ ಅವು ಕೆಂಪಂದು, ನೀಲಿದು, ಬೂದಿಬಣ್ಣದ್ದು ಆದವು.

“ಹೊಸಾ ಗಾಡಿಗೆ ಬೂದಿ ಅಂತಾರೇನು? ವಿಭೂತಿ ಅನ್ರಿ” ಎಂದು ಅವ್ವನೇ ತಿದ್ದಿಕೊಂಡರು.

ಸಿವಿಲ್ ಲೈನ್ಸ್‌ನ ಅಗಲ ರಸ್ತೆಗಳಲ್ಲಿ ಮೂರನ್ನೂ ಓಡಿಸಿ ನೋಡಿದರು. ಅಂಥ ರಸ್ತೆಯಲ್ಲಿ ಮುಂದಕ್ಕೆ ಯಾವ ಕಾರು ಓಡುವುದಿಲ್ಲ? ಅವ್ವ ಡಿಕ್ಕಿ ತೆಗೆಸಿ, ಊರಿಗೆ ಒಯ್ಯುವ ಕಿತ್ತಳೆ ಬುಟ್ಟಿಗಳನ್ನು ಕಣ್ಣಲ್ಲೇ ಜೋಡಿಸಿದರು. ಗಗನ್ ಪರದೆ ಒತ್ತಿದ. ಸಿಂಚನಾ ಮೂರರಲ್ಲೂ ರೂಢಿಯಂತೆ ಹಿಂದಿನ ಸೀಟಿನ ನಡುವೆ ಕೂತಳು. ತಲೆ ಚಾವಣಿಗೆ ತಾಗುತ್ತಿತ್ತು.

ಅಪ್ಪ ಮಾತ್ರ ಪ್ರತಿ ಕಾರಿನಲ್ಲೂ ಹಿಂದಕ್ಕೆ ಹೊರಳಿದರು. ಕೆಂಪಿನದರ ಹಿಂದಿನ ಗಾಜು ಟಪಾಲು ಪೆಟ್ಟಿಗೆಯ ಬಾಯಿಯಷ್ಟು. ನೀಲಿಯದಕ್ಕೆ ಡಿಕ್ಕಿಯೇ ಅಡ್ಡ.

“ಅಂಕಲ್, ಪೀಛೆ ದೇಖ್ನೇ ಕೀ ಜರೂರತ್ ಹೀ ನಹೀಂ, ಕ್ಯಾಮೆರಾ ಹೈ ನಾ” ಎಂದು ಶೋರೂಮಿನವನು, ಹಿಂದೆ ನೋಡುವ ಅಗತ್ಯವೇ ಇಲ್ಲವೆಂದು ಪರದೆ ತೋರಿಸಿದ.

“ನನ್ನ ಹಿಂದ ಏನೈತಿ ಅಂತ ಟೀವಿ ಹೇಳಬೇಕೇನು?” ಎಂದು ಅಪ್ಪ ಮನೆಯವರತ್ತ ಕನ್ನಡದಲ್ಲಿ ಗೊಣಗಿದರು.

ವಿಭೂತಿ ಬಣ್ಣದ್ದರ ಗಾಜು ದೊಡ್ಡದಿತ್ತು. ಹಿಂದೆ ನಿಂತ ಬೇವಿನ ಮರ ಬುಡಸಮೇತ ಕಾಣುತ್ತಿತ್ತು. ಅಪ್ಪ ಕೈ ಚಾಚಿ ಹೊರಳಿದರು. ಮುಖ ಅರ್ಧಕ್ಕೇ ನಿಂತಿತು. ಕೆನ್ನೆ ಬಿಗಿದು, ಕಣ್ಣಲ್ಲಿ ನೀರಾಡಿತು. ಮೊದಲಿನ ಆ ಇಡೀ ಮುಖ ಸಿಂಚನಾಳತ್ತ ಬರಲೇ ಇಲ್ಲ.

“ಇದರದ್ದೂ ಗಾಜು ಸಣ್ಣದು” ಎಂದರು.

ಆ ಸುಳ್ಳು ಗೊತ್ತಾದದ್ದು ನಡುವೆ ಕೂತವಳೊಬ್ಬಳಿಗೇ.

ಮನೆಗೆ ಬಂದು ಅಪ್ಪ ಚಹದ ಲೋಟ ಕೆಳಗಿಟ್ಟರು. “ಯಾವದೂ ಬ್ಯಾಡ. ಹಳೇದನ್ನೂ ಕೊಟ್ಟುಬಿಡೂಣು. ಆಟೋ ಅದಾವ, ರೈಲು ಐತಿ. ಕಾರಿನ ಕಾಲ ಮುಗೀತು.”

ಅವ್ವ ಸೆರಗಿನ ತುದಿ ಸುತ್ತುತ್ತ ಕೂತರು. ಹೊಳೆದಂಡೆಯ ಬುತ್ತಿ, ರಾತ್ರಿಯ ಹೆದ್ದಾರಿ, ಅಪ್ಪನ ಚಾಚಿದ ತೋಳು, ಎಲ್ಲ ಆ ಒಂದು ಮಾತಿನಲ್ಲಿ ಮುಗಿದುಹೋಗುತ್ತಿರುವುದು ಸಿಂಚನಾಳಿಗೆ ಕಂಡಿತು. ಸುಳ್ಳೆಂದು ಹೇಳಿದರೆ ಅಪ್ಪನ ಮಾನ ಹೋಗುತ್ತದೆ. ಸುಮ್ಮನಿದ್ದರೆ ಕಾರೇ ಹೋಗುತ್ತದೆ. ಅವಳ ಲೈಸೆನ್ಸು ಎರಡು ವರ್ಷದಿಂದ ಕಪಾಟಿನಲ್ಲಿದೆ. ಬೆಳಗಿನ ಖಾಲಿ ರಸ್ತೆಯಲ್ಲಿ ಓಡಿಸಬಲ್ಲಳು. ಗಲ್ಲಿಯಿಂದ ಹಿಂದಕ್ಕೆ ತೆಗೆಯೆಂದರೆ ಒಲ್ಲೆ ಎನ್ನುತ್ತಿದ್ದಳು. ಅಲ್ಲಿ ಕಿಟಕಿಗೊಂದು ಮುಖ, ಮುಖಕ್ಕೊಂದು ಸಲಹೆ.

“ವಿಭೂತಿದು ತಗೊಳೂಣು” ಎಂದಳು. “ಹಿಂದಕ್ಕ ನಾ ತಗೀತೀನಿ.”

ಗಗನ್ ನಕ್ಕ. “ನೀನಾ? ಪಾನಿಪೂರಿಯವನಿಗೆ ‘ತಿಖಾ ಕಮ್’ ಅಂತ ಖಾರ ಕಡಿಮಿ ಮಾಡ್ಸಾಕ ನನ್ನ ಕಳಸ್ತೀ!”

“ಸುಮ್ನಿರೋ” ಎಂದರು ಅವ್ವ.

ಅಪ್ಪ ಮಗಳನ್ನೇ ನೋಡಿದರು. ಅವಳಿಗೆ ಏನು ಗೊತ್ತು ಎಂಬುದು ಅವರಿಗೂ ಗೊತ್ತಾಗಿರಬೇಕು. ಎದ್ದು ಹೋಗಿ, ಮೊಳೆಗೆ ನೇತುಹಾಕಿದ್ದ ಹಳೆಯ ಕಾರಿನ ಕೀಲಿ ತಂದು ಅವಳ ಮುಂದಿಟ್ಟರು.

“ನಾಳೆ ಮುಂಜಾನೆ ಇದನ್ನ ತಗದು ತೋರ್ಸು. ಆಮ್ಯಾಲ ಹೊಸಾದರ ಮಾತು.”

ಬೆಳಗಾಯಿತು. ಗಲ್ಲಿಯಲ್ಲಿ ಅಪ್ಪ ಮೊದಲ ಸಲ ಪಕ್ಕದ ಸೀಟಿನಲ್ಲಿ ಕೂತರು. ಅವ್ವ, ಗಗನ್ ಹಿಂದೆ. ಸಿಂಚನಾ ಎಡಗೈ ಚಾಚಿ ಅಪ್ಪನ ಸೀಟಿನ ಬೆನ್ನಿಗೆ ಇಟ್ಟಳು, ಪೂರಾ ಹೊರಳಿದಳು. ಗಾಜಿನ ನಡುವೆ ತಮ್ಮನ ತಲೆ.

“ತಲಿ ಬಗ್ಗಸೋ!”

ಅವಳ ಗಟ್ಟಿ ದನಿಗೆ ಗಗನ್ ಬೆಚ್ಚಿ ಬಗ್ಗಿದ. ಕಾರು ಒಮ್ಮೆ ಜರ್ಕು ಹೊಡೆದು ಆರಿತು. ಮೇಲಿನ ಕಿಟಕಿಯಲ್ಲಿ ಯಾರೋ ನಕ್ಕರು. ಅವಳ ಕಿವಿ ಕೆಂಪಾಯಿತು, ಆದರೆ ಕಣ್ಣು ಗಾಜು ಬಿಡಲಿಲ್ಲ. ಮತ್ತೆ ಚಾಲೂ ಮಾಡಿದಳು. ಚಾರುಲತಾ ಕಾಕು ಪೊರಕೆ ಹಿಡಿದೇ ಹೊರಬಂದು, “ಯೇವೂ ದ್ಯಾ, ಯೇವೂ ದ್ಯಾ” ಎಂದು, ಬರಲಿ ಬರಲಿ ಎನ್ನುವಂತೆ ಕೈಬೀಸಿದರು. ತುಳಸಿಕಟ್ಟೆ ಪಕ್ಕದಲ್ಲಿ ಮೆಲ್ಲಗೆ ದಾಟಿತು.

ಅಪ್ಪ ಹೊರಳಲಿಲ್ಲ, ಏನೂ ಹೇಳಿಕೊಡಲಿಲ್ಲ. ನೆಟ್ಟಗೆ ಮುಂದಕ್ಕೆ ನೋಡುತ್ತ ಕೂತಿದ್ದರು. ಅವರ ಕಣ್ಣೆದುರು ಅವರದೇ ಮನೆ, ಬಾಗಿಲ ರಂಗೋಲಿ, ಗೇಟು, ಒಂದೊಂದೇ ಸಣ್ಣದಾಗುತ್ತ ದೂರ ಸರಿಯುತ್ತಿದ್ದವು. ಕಡೇ ಡಬ್ಬಿಯಲ್ಲಿ ನಿಂತವನಿಗೆ ಸ್ಟೇಷನ್ನು ಸರಿದ ಹಾಗೆ.

“ಇಷ್ಟ ವರ್ಷದಾಗ ಹೊರಡೂ ಮುಂದ ಈ ಕಡೆ ನೋಡೇ ಇರಲಿಲ್ಲ” ಎಂದರು ತಮ್ಮಷ್ಟಕ್ಕೆ.

ಚಕ್ರ ರಸ್ತೆ ಮುಟ್ಟಿತು. ಸಿಂಚನಾ ಮುಂದಕ್ಕೆ ಹೊರಳುವ ಮೊದಲು ಅಪ್ಪನ ಮುಖ ನೋಡಿದಳು. ಅದು ಅವಳ ಚಾಚಿದ ತೋಳಿನ ಪಕ್ಕದಲ್ಲೇ ಇತ್ತು.

“ಆಲ್‌ರೈಟ್?”

ಗುರುಸಿದ್ದಪ್ಪನವರು ನಿಶಾನೆ ತೋರುವಂತೆ ರಸ್ತೆಯತ್ತ ಕೈ ಚಾಚಿದರು.

“ಆಲ್‌ರೈಟ್. ನಡಿ, ಆ ವಿಭೂತಿಯವನ ಅಂಗಡಿಗೆ.”