ಹಿಂದೆ ಏನೂ ಇಲ್ಲದ ಗಾಡಿ

ರೈಲು ಹಳಿ ಕಂಡದ್ದೇ ವರ್ಲಾ ಗಾಡಿ ನಿಲ್ಲಿಸಿದಳು. ನಿಲ್ಲಿಸಿ, ಬಾಗಿಲು ತೆರೆದು, ತಲೆ ಹೊರಗೆ ಚಾಚಿ ಕಿವಿಗೊಟ್ಟಳು. ಎರಡೂ ಕಡೆ ಹುಲ್ಲು ಹೊದ್ದ ಮರಳುಗುಡ್ಡಗಳು. ದೂರದಲ್ಲೊಂದು ಗಾಳಿಯಂತ್ರ ಕಿರುಗುಟ್ಟುತ್ತಿತ್ತು, ಅಷ್ಟೆ.

"ಮಿಸೆಸ್ ಕುಚೆರಾ," ಎಂದ ಪಕ್ಕದಲ್ಲಿ ಕೂತಿದ್ದ ಗಾಡಿ ಮಾರುವ ಅಂಗಡಿಯ ಲ್ಯಾನಿ. ನಗು ತಡೆದು ತಡೆದು ಅವನ ಹೊಟ್ಟೆ ಕುಣಿಯುತ್ತಿತ್ತು. "ಇದು ಸ್ಕೂಲ್ ಬಸ್ಸಲ್ಲ. ಮರುಭೂಮೀಲಿ ರೇಸ್ ಓಡ್ಸೋರಿಗೆ ಅಂತ ಮಾಡಿರೋ ಪಿಕಪ್ಪು."

"ಗೊತ್ತಪ್ಪ, ಗೊತ್ತು." ವರ್ಲಾ ಬಾಗಿಲು ಎಳೆದುಕೊಂಡಳು. ಕೆನ್ನೆ ಬಿಸಿಯಾಗಿತ್ತು. ಮಕ್ಕಳ ಬಸ್ಸು ಹಳಿಯ ಮುಂದೆ ನಿಲ್ಲಬೇಕು, ಬಾಗಿಲು ತೆರೆಯಬೇಕು, ರೈಲಿನ ಸದ್ದಿದೆಯೇ ಎಂದು ಕೇಳಬೇಕು. ಅದು ಕಾನೂನು. ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದ ಅವಳ ಕೈಕಾಲುಗಳಿಗೆ ನಿವೃತ್ತಿಯ ಸುದ್ದಿ ಇನ್ನೂ ಮುಟ್ಟಿರಲಿಲ್ಲ. "ನೀನೇನೋ ನಗೋದು? ಕಿಟಕಿಯಿಂದ ಉಗಿದಿದ್ದಕ್ಕೆ ನಿನ್ನ ಒಂದು ತಿಂಗಳು ನನ್ನ ಬೆನ್ನ ಹಿಂದಿನ ಸೀಟಲ್ಲೇ ಕೂರ್ಸಿದ್ದೆ. ನೆನಪಿದ್ಯಾ?"

"ಅದು ನಾನಲ್ಲ, ನಮ್ಮಣ್ಣ."

"ನಿಮ್ಮಣ್ಣನ್ನ ಕೂರ್ಸಿದ್ದು ಬೇರೆ ವಿಷಯಕ್ಕೆ."

ಹಳಿ ದಾಟಿದ ಮೇಲೆ ಡಾಂಬರು ಮುಗಿಯಿತು. ಮುಂದೆ ಗುಡ್ಡದ ನೆತ್ತಿಗೆ ಹೋಗುವ ಮರಳಿನ ಜಾಡು. "ಈಗ ಒತ್ತಿ," ಎಂದ ಲ್ಯಾನಿ. ಒತ್ತಿದಳು. ಕಿತ್ತಳೆ ಬಣ್ಣದ ಪಿಕಪ್ಪು ಮೂಗೆತ್ತಿ ನುಗ್ಗಿತು. ಬಸ್ಸಾಗಿದ್ದರೆ ಹಲ್ಲು ಅಲುಗಾಡಿಸುತ್ತಿದ್ದ ಹಳ್ಳದಿಣ್ಣೆಗಳನ್ನು ಅದು ಬೆಣ್ಣೆಯ ಹಾಗೆ ನುಂಗಿಕೊಂಡು ಏರಿತು. ನೆತ್ತಿಯ ಮೇಲೆ, ಒಂದೇ ಒಂದು ಗಳಿಗೆ, ನಾಲ್ಕು ಗಾಲಿಗಳೂ ನೆಲ ಬಿಟ್ಟವು. ಲ್ಯಾನಿ ದೇವರನ್ನು ಕರೆದ. ವರ್ಲಾ ಹುಡುಗಿಯ ಹಾಗೆ ಕಿರುಚಿದಳು. ಆಮೇಲೆ ಅಭ್ಯಾಸದಂತೆ ಮೇಲಿನ ಕನ್ನಡಿಯನ್ನು ನೋಡಿದಳು. ಅದರಲ್ಲಿ ಮಕ್ಕಳ ತಲೆಗಳಿರಲಿಲ್ಲ. ಆಕಾಶ ಮಾತ್ರ ಇತ್ತು.

ಇದೇ ಬೇಕು ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಳು.

ಆದರೆ ಅಂಗಡಿಯ ಅಂಗಳದಲ್ಲಿ ಅವಳ ಗಂಡ ಓರಿನ್ ಬೇರೆಯದೇ ತೀರ್ಮಾನ ಮಾಡಿಕೊಂಡು ಕೂತಿದ್ದ. ಗಾಳಿಯಂತ್ರ ರಿಪೇರಿ ಮಾಡಿ ಮಾಡಿ ಕೈ ಗಟ್ಟಿಯಾದ ಮನುಷ್ಯ. ಈಗ ಆ ಕೈಗಳು ಬಿಳಿ ಪಿಕಪ್ಪೊಂದರ ಸ್ಟಿಯರಿಂಗನ್ನು ಕೂಸಿನ ತಲೆಯಂತೆ ಸವರುತ್ತಿದ್ದವು.

"ಕೇಳೇ ಇಲ್ಲಿ, ಡೀಸೆಲ್ ಇಂಜಿನ್ನು! ಹಿಂದೆ ನಾಲ್ಕು ಗಾಲಿ! ಬೇಕಿದ್ರೆ ನಮ್ಮ ಚರ್ಚನ್ನೇ ಎಳ್ಕೊಂಡು ಹೋಗುತ್ತೆ."

"ಚರ್ಚಿಗೆ ಎಲ್ಲಿಗೆ ಹೋಗ್ಬೇಕಂತೆ?"

"ತಮಾಷೆ ಬೇಡ. ಕ್ಯಾಂಪರ್ ಎಳೆಯೋದಕ್ಕೆ ಇದೇ ಸರಿ."

ಜಗಳವೆಲ್ಲ ಆ ಕ್ಯಾಂಪರಿನದೇ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಆ ಉದ್ದನೆಯ ಗಾಲಿಮನೆಯನ್ನು ಓರಿನ್ ಹೋದ ವರ್ಷ ಹರಾಜಿನಲ್ಲಿ ಅವಳನ್ನು ಒಂದು ಮಾತೂ ಕೇಳದೆ ಹಿಡಿದು ತಂದಿದ್ದ. ಇವತ್ತು ಅವರ ಮುದಿ ಪಿಕಪ್ಪು ಏದುಸಿರು ಬಿಡುತ್ತ ಅದನ್ನು ಇಲ್ಲಿಯವರೆಗೆ ಎಳೆದು ತಂದು, ಅಂಗಳದಲ್ಲೇ ಹೊಗೆ ಕಾರಿ ಸುಮ್ಮನಾಗಿತ್ತು. ಕೊಳ್ಳಬಹುದಾದದ್ದು ಒಂದೇ ಗಾಡಿ. ಬಿಳಿಯದು ಮನೆಯನ್ನು ಎಳೆಯುತ್ತದೆ, ಮರಳಿಗಿಳಿದರೆ ಹೂತುಹೋಗುತ್ತದೆ. ಕಿತ್ತಳೆಯದು ಮರಳಿನಲ್ಲಿ ಹಾರುತ್ತದೆ, ಆ ಮನೆಯನ್ನು ಕಟ್ಟಿದರೆ ಕುಂಡೆಯೂರಿ ಕೂರುತ್ತದೆ.

"ಚಳಿಗಾಲಕ್ಕೆ ಅರಿಜೋನಾ," ಎಂದ ಓರಿನ್. "ಬೇಸಿಗೆಗೆ ಬೆಟ್ಟದ ಕಡೆ. ನಾವಿಬ್ರೇ. ರಾಜರ ಹಾಗೆ."

"ನಾನೇನ್ಮಾಡ್ಲಿ? ಪ್ರತಿ ಊರಲ್ಲೂ ಹಿಂದೆ ನಿಂತು ಕೈ ತೋರಿಸ್ತಾ ಇರ್ಲಾ? ಎಡಕ್ಕೆ, ಬಲಕ್ಕೆ, ಸಾಕು ಸಾಕು ಅಂತ? ಮದುವೆ ಆದಾಗಿಂದ ನಿನ್ನ ಎಲ್ಲಾ ಟ್ರೇಲರ್ ಹಿಂದೆ ನಾನೇ ನಿಂತಿದ್ದೀನಿ. ಬಸ್ಸಲ್ಲಿ ಊರ ಮಕ್ಕಳನ್ನೆಲ್ಲ ಎಳೆದೆ. ಇನ್ನು ಏನನ್ನೂ ಎಳೆಯಲ್ಲ ಕಣೋ."

ಓರಿನ್ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಟ್ರೇಲರ್ ಹಿಂದಕ್ಕೆ ಹಾಕೋದು ನಾನು. ನೀನು ಕೈ ಆಡಿಸೋದು ಬರೀ ಶೋಕಿಗೆ."

ಉಚಿತ ಕಾಫಿಗೂ ದಾಲ್ಚಿನ್ನಿ ಬನ್ನಿಗೂ ಬಂದಿದ್ದ ಶನಿವಾರದ ಜನ ಇತ್ತ ತಿರುಗಿದರು.

"ಸರಿ," ಎಂದಳು ವರ್ಲಾ. "ಆ ಗೋಡೆಗೂ ಬಾವುಟದ ಕಂಬಕ್ಕೂ ಮಧ್ಯೆ ಜಾಗ ಇದ್ಯಲ್ಲ, ಅಲ್ಲಿಗೆ ಕ್ಯಾಂಪರ್ ಹಾಕೋಣ. ನೀನೊಂದು ಸಲ, ನಾನೊಂದು ಸಲ. ಹಿಂದೆ ಯಾರೂ ನಿಲ್ಲೋ ಹಾಗಿಲ್ಲ. ಮಧ್ಯದಲ್ಲಿ ಮುಂದಕ್ಕೆ ತಗೊಳ್ಳದೆ ಒಂದೇ ಏಟಿಗೆ ಯಾರು ಹಾಕ್ತಾರೋ, ಗಾಡಿ ಅವರಿಗೆ ಬೇಕಾದ್ದು."

"ಮಾತು ಬದಲಾಯಿಸಲ್ಲ ತಾನೇ?"

"ನೀನು ಬದಲಾಯಿಸ್ಬೇಡ."

ಜನ ತಂತಮ್ಮ ಪಿಕಪ್ಪುಗಳ ಹಿಂಬಾಗಿಲು ಇಳಿಸಿ ಅದರ ಮೇಲೆ ಸಾಲಾಗಿ ಕೂತರು. ಲ್ಯಾನಿ ಬಿಳಿ ಪಿಕಪ್ಪಿಗೆ ಕ್ಯಾಂಪರಿನ ಕೊಂಡಿ ಬಿಗಿದ.

ಓರಿನ್ ಶುರುಮಾಡಿದ್ದು ಚೆನ್ನಾಗಿಯೇ. ಕ್ಯಾಂಪರ್ ನಿಧಾನವಾಗಿ ತಿರುಗಿತು. ಅರ್ಧದಲ್ಲಿ ಅವನು ಕಿಟಕಿಯಿಂದ ತಲೆ ಹಾಕಿ ಕೂಗಿದ: "ವರ್ಲಾ, ಆ ಕಡೆ ಎಷ್ಟಿದೆ?"

ಜನ ಹೋ ಎಂದು ನಕ್ಕರು. ವರ್ಲಾಳ ಬಲಗೈ ತಾನಾಗಿ ಮೇಲೇಳುತ್ತಿತ್ತು. ಅವಳು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡಳು. ಕಂಬ ಹತ್ತಿರವಾಯಿತು. ಓರಿನ್ ಸ್ಟಿಯರಿಂಗನ್ನು ತಪ್ಪು ಕಡೆಗೆ ತಿರುಗಿಸುತ್ತಿರುವುದು ಅವಳಿಗೆ ಬೆನ್ನುಹುರಿಯಲ್ಲಿ ಗೊತ್ತಾಗುತ್ತಿತ್ತು. ಕೈ ತೋರಿಸಿದರೆ ಮುಗಿಯಿತು, ಕಿತ್ತಳೆ ಗಾಡಿ ಹೋಯಿತು. ಬೆರಳುಗಳನ್ನು ಮುಷ್ಟಿ ಕಟ್ಟಿದಳು. ಕ್ಯಾಂಪರಿನ ಮೂಲೆ ಕಂಬಕ್ಕೆ ಗೇಣು ದೂರದಲ್ಲಿ ನಿಂತಿತು. ಓರಿನ್ ಬೈಯುತ್ತ ಗಾಡಿಯನ್ನು ಮುಂದಕ್ಕೆ ತೆಗೆದುಕೊಂಡ. ಆಮೇಲೆ ಇನ್ನೊಂದು ಸಲ. ಮತ್ತೂ ಒಂದು ಸಲ.

"ಕೋಳಿಗೂಡಿಗೆ ಕೋಳಿ ಅಟ್ತಿದ್ದೀಯಾ ಓರಿನ್?" ಎಂದು ಯಾರೋ ಕೂಗಿದರು.

ಈಗ ಅವಳ ಸರದಿ. ಬಿಳಿ ಪಿಕಪ್ಪು ಒಳ್ಳೆಯ ಗಾಡಿಯೇ. ಕಾಲಿಟ್ಟ ಕೂಡಲೇ ಅದರ ಬಲ ಪಾದದಿಂದ ಮೊಣಕಾಲಿಗೆ ಏರಿತು. ಬಸ್ಸನ್ನು ಹಿಂದಕ್ಕೆ ಹಾಕಿ ಅವಳಿಗೆ ಅಭ್ಯಾಸವುಂಟು, ಟ್ರೇಲರಿನದು ಬೇರೆ ಲೆಕ್ಕ. ಗಾಡಿಯ ಮೂತಿ ಒಂದು ಕಡೆ ಹೋದರೆ ಟ್ರೇಲರಿನ ಬಾಲ ಇನ್ನೊಂದು ಕಡೆ. ಮೇಲಿನ ಕನ್ನಡಿಯಲ್ಲಿ ಕ್ಯಾಂಪರಿನ ಬಿಳಿ ಗೋಡೆ. ಪಕ್ಕದ ಕನ್ನಡಿಯಲ್ಲಿ ಕಾಫಿ ಕುಡಿಯುತ್ತಿದ್ದ ಗಂಡಸರು. ಅವಳ ಕಣ್ಣು ತಮ್ಮ ಮೇಲೆ ಬಿದ್ದದ್ದೇ ಅವರಲ್ಲಿ ಮೂವರು ನೆಟ್ಟಗೆ ಕೂತು ಕಾಲು ಒಳಗೆಳೆದುಕೊಂಡರು. ಮೂವರೂ ಅವಳ ಬಸ್ಸಿನವರೇ.

ಹೊರಟಳು. ಅರ್ಧದಲ್ಲಿ ಕ್ಯಾಂಪರ್ ಗೋಡೆಯ ಕಡೆ ವಾಲಿತು. ನಿಲ್ಲಿಸಿದಳು. ಮುಂದಕ್ಕೆ ತೆಗೆದುಕೊಂಡರೆ ಸೋತ ಹಾಗೆ.

ಹಿಂದೆ ಯಾರು ನಿಲ್ಲುತ್ತಿದ್ದರು? ನಾನಲ್ಲವೇ?

ಅವಳು ತನ್ನನ್ನೇ ಅಲ್ಲಿ ನಿಲ್ಲಿಸಿಕೊಂಡಳು. ಕಂಬದ ಬುಡದಲ್ಲಿ, ಹಳೆಯ ನೀಲಿ ಜಾಕೆಟ್ಟಿನಲ್ಲಿ, ಮಂಜಿನಲ್ಲಿ, ಸೆಕೆಯಲ್ಲಿ, ಗಂಡನ ಬೈಗುಳದಲ್ಲಿ ನಿಂತ ವರ್ಲಾ. ಆ ವರ್ಲಾ ಎಡಗೈ ಎತ್ತಿದಳು: ಇನ್ನೂ, ಇನ್ನೂ ಸ್ವಲ್ಪ. ಬಲಗೈ: ಈಗ ನೇರ ಮಾಡು. ಸ್ಟಿಯರಿಂಗ್ ಹಿಡಿದಿದ್ದ ವರ್ಲಾ ಹೇಳಿದಂತೆ ಕೇಳಿದಳು. ಕ್ಯಾಂಪರ್ ಸೆಟೆದುಕೊಂಡು, ಮನಸ್ಸು ಬದಲಾಯಿಸಿ, ನೆಟ್ಟಗಾಯಿತು. ಗೋಡೆಗೂ ಕಂಬಕ್ಕೂ ಮಧ್ಯೆ ಡ್ರಾಯರು ಮುಚ್ಚಿದ ಹಾಗೆ ಒಳಗೆ ಸೇರಿಕೊಂಡಿತು.

ಅಂಗಳದ ಹಾರ್ನುಗಳೆಲ್ಲ ಒಟ್ಟಿಗೆ ಕೂಗಿದವು. ಲ್ಯಾನಿ ಟೋಪಿ ಎಸೆದ. "ಮಿಸೆಸ್ ಕುಚೆರಾ! ಈ ಬಿಳಿ ಗಾಡಿ ನಿಮಗೇ ಹೇಳಿ ಮಾಡಿಸಿದ್ದು. ನೀವು ಎಳೆಯೋದಕ್ಕೇ ಹುಟ್ಟಿದೋರು!"

"ಅದಕ್ಕೇ ಸಾಕಾಗಿರೋದು," ಎಂದಳು ವರ್ಲಾ, ಇಳಿಯುತ್ತ. "ಕಿತ್ತಳೆ ಗಾಡಿ ಕೀ ಕೊಡು."

ಓರಿನ್ ಕಂಬಕ್ಕೊರಗಿ ನಿಂತಿದ್ದ. ಟೋಪಿ ತೆಗೆದು ತಲೆ ಕೆರೆದುಕೊಂಡ. ಕ್ಯಾಂಪರನ್ನು ನೋಡಿದ, ಅವಳ ಕೈಗಳನ್ನು ನೋಡಿದ. "ಶೋಕಿಗೆ ಅಂದಿದ್ದು ತಪ್ಪಾಯ್ತು ಕಣೇ."

"ತಪ್ಪಾಯ್ತು."

"ಕ್ಯಾಂಪರ್ ಏನ್ಮಾಡೋದು?"

"ಕೋಳಿ ಸಾಕು. ಬಚ್ಚಲು ಮನೆ ಇರೋ ಕೋಳಿಗೂಡು ಈ ಸೀಮೇಲೇ ಇಲ್ಲ. ಈಗ ಹತ್ತು, ಹೋಗೋಣ."

ಅವನು ಹತ್ತಿ ಕೂತ. ಬೆಲ್ಟನ್ನು ಬಿಗಿದು, ಮತ್ತೊಮ್ಮೆ ಬಿಗಿದ. ರಸ್ತೆ ಬಾಗಿತು, ಹಳಿ ಕಂಡಿತು. ವರ್ಲಾಳ ಕಾಲು ಆಗಲೇ ಬ್ರೇಕಿನ ಮೇಲಿತ್ತು, ಗಾಡಿ ನಿಂತೇಬಿಟ್ಟಿತು, ಅವಳ ಕೈ ಬಾಗಿಲ ಹಿಡಿಗೆ ಹೋಯಿತು. ಅವಳು ನಾಚಿಕೆಯಿಂದ ಕೈ ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಓರಿನ್ ತನ್ನ ಕಡೆಯ ಬಾಗಿಲು ತೆರೆದು, ಬೆಲ್ಟಿನಲ್ಲಿ ಜೋತುಬಿದ್ದು, ಕಿವಿಗೆ ಅಂಗೈ ಹಿಡಿದು ಎರಡೂ ಕಡೆ ಕೇಳಿದ. ನಂತರ ಒಂದು ಕೈಯನ್ನು ಹೊರಗೆ ಚಾಚಿ, ಅವಳು ಇಷ್ಟು ವರ್ಷ ಮಾಡುತ್ತಿದ್ದ ಹಾಗೆಯೇ ಬೀಸಿದ: ಬಾ, ಬಾ, ಜಾಗ ಇದೆ.

"ಕಲ್ಲಿದ್ದಲು ರೈಲೂ ಇಲ್ಲ. ಮಕ್ಕಳೂ ಇಲ್ಲ," ಎಂದು ಬಾಗಿಲು ಬಡಿದ. "ಹೊಡಿ ಕಣೇ!"

ಹೊಡೆದಳು. ಹಳಿ ಹಾರಿಹೋಯಿತು, ಡಾಂಬರು ಹಾರಿಹೋಯಿತು, ಗುಡ್ಡ ಎದುರಿಗೆ ಎದ್ದುಬಂತು. ಓರಿನ್ ತಲೆಯ ಮೇಲಿನ ಹಿಡಿಗೆ ಎರಡೂ ಕೈಯಿಂದ ನೇತುಬಿದ್ದು ಮೊದಲು ಬೈದ, ಆಮೇಲೆ ನಕ್ಕ, ನೆತ್ತಿ ಹತ್ತಿರವಾದಾಗ "ಇನ್ನೂ ಜೋರು!" ಎಂದು ಅರಚಿದ. ವರ್ಲಾ ಕನ್ನಡಿಯತ್ತ ನೋಡಲಿಲ್ಲ.