ಸಲ್ಪ ಸರ್ಕಣಿ

ಶ್ರೀಲತಾ ಸತ್ತ ಅಣ್ಣನ ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಾಗ ಭೋಜ ಮಾವ ಬಾಗಿಲಲ್ಲಿ ಬಂದು ನಿಂತರು. ಬೀಜಾಡಿಯಲ್ಲಿ ಯಾರೇ ತೀರಿಕೊಂಡರೂ ಚಟ್ಟ ಎತ್ತುವ ಮೊದಲು ನಾಲ್ಕು ಮಾತಾಡುವವರು ಅವರೇ. ಇವತ್ತು ಮಾತ್ರ ಅವರಿಗೆ ಒಂದು ಮಾತೂ ಹೊಳೆದಿರಲಿಲ್ಲ.

“ಶ್ರೀಲತಾ, ಅನೂಪ ಎಂತ ಕೆಲ್ಸ ಮಾಡ್ತಿದ್ದ ಅಂದೇಳಿ ಹೇಳ್ಕ್ ನಾನ್? ಕುಂದಾಪ್ರದಗೆ ಕಂಪ್ಯೂಟರ್ ರಿಪೇರಿ ಅಂದ್ರೆ ಸಾಕಾ?”

“ಸಾಕಾತಿಲ್ಲೆ ಮಾವ.”

ಸಾಕಾಗದು ಎಂಬುದು ಅವಳಿಗೆ ಗೊತ್ತಿತ್ತು. ಉಳಿದದ್ದು ಬರಿ ಮಾತಿನಲ್ಲಿ ಹೇಳಿದರೆ ಮಾವನ ತಲೆಗೆ ಹೋಗುವಂಥದ್ದಲ್ಲ. ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ಅನೂಪನ ಕೆಲಸವೇ ಬೇರೆಯಿತ್ತು. ಕಂಪ್ಯೂಟರು, ಫೋನುಗಳ ಹೊಟ್ಟೆಯಲ್ಲಿ ಕೂತು ಎಲ್ಲವನ್ನೂ ನಡೆಸುವ ಕರ್ನೆಲ್ ಎಂಬ ಮೂಲ ಪ್ರೋಗ್ರಾಮು ಒಂದಿದೆ. ಎಲ್ಲೆಲ್ಲಿಯವರೋ ಸೇರಿ ಬರೆಯುವಂಥದ್ದು. ಮೆಮೊರಿಯನ್ನು ಪುಟಗಳಾಗಿ ಮಾಡಿ ಯಾರಿಗೆ ಎಷ್ಟು ಪುಟ ಎಂದು ಹಂಚುವ ಅದರ ಭಾಗವನ್ನು ಅವನು ತಿದ್ದುತ್ತಿದ್ದ. ಅವನ ತಿದ್ದುಪಡಿ ಅದರಲ್ಲಿ ಸೇರಿಯೂ ಇತ್ತು. ಮೆಮೊರಿ ಕೆಲಸವಂತೆ ಎಂದು ಕೇಳಿ ಪರೀಕ್ಷೆಗೆ ಕೂರುವ ಮಕ್ಕಳನ್ನು ಕರೆತಂದು, ಒಂದೆಲಗದ ಲೇಹ್ಯ ಉಂಟೋ ಎಂದು ವಿಚಾರಿಸಿದವರಿದ್ದರು. ಅವರಲ್ಲಿ ಭೋಜ ಮಾವನೇ ಮೊದಲಿಗರು.

ಅವನು ಬೂದಿಯಾಗುವ ಮೊದಲು ಒಮ್ಮೆಯಾದರೂ ಆ ಕೆಲಸ ಏನೆಂದು ಊರಿಗೆ ಗೊತ್ತಾಗಬೇಕಿತ್ತು. ಅವಳಿಗೆ ಬೇಕಾದದ್ದು ಅಷ್ಟೇ.

*

ಅವಳಿಗಾದರೂ ಗೊತ್ತಾದದ್ದು ಮೀನಿನ ಪೆಟ್ಟಿಗೆಯಿಂದ. ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಶ್ರೀಲತಾ ಒಂದು ಸಂಜೆ ಉದ್ದನೆಯ ಅಂಜಲ್ ಮೀನೊಂದನ್ನು ಐಸಿನ ಪೆಟ್ಟಿಗೆಗೆ ತುರುಕಲು ಹೆಣಗುತ್ತಿದ್ದಳು. ಪೆಟ್ಟಿಗೆ ಅರ್ಧ ಖಾಲಿಯೇ. ಆದರೆ ಬಂಗುಡೆಗಳು ಮದುವೆಮನೆಯ ನೆಂಟರಂತೆ ಅಲ್ಲೊಂದು ಇಲ್ಲೊಂದು ಮಲಗಿದ್ದವು. ಅವನ್ನು ಹೊರಗೆ ಸುರಿಯಲು ಹೊರಟಾಗ ಅಣ್ಣ ಕೈ ತಡೆದ.

“ಹೊರ್ಗ್ ಹಾಕುದ್ ಬ್ಯಾಡ. ಜಾಗ ಇತ್ತ್ ಮಾರಾಯ್ತಿ, ಒಟ್ಟಿಗಿಲ್ಲೆ ಅಷ್ಟೇ.”

ಬಂಗುಡೆಗಳನ್ನೆಲ್ಲ ಒಂದು ಮೂಲೆಗೆ ಸರಿಸಿದ. ಅಂಜಲ್ ಕಾಲು ಚಾಚಿದವರಂತೆ ಮಲಗಿತು. ಫೋನಿನೊಳಗೂ ಇದೇ ಕತೆ ಎಂದು ಕೈ ತೊಳೆಯದೆ ಹೇಳತೊಡಗಿದ. ದೊಡ್ಡದೊಂದು ಬಂದು ಜಾಗ ಕೇಳುತ್ತದೆ. ಖಾಲಿ ಪುಟಗಳು ಚದುರಿ ಬಿದ್ದಿರುತ್ತವೆ. ಕರ್ನೆಲ್ ತಾಳ್ಮೆಗೆಟ್ಟು, ಪಾಪ, ತನ್ನಷ್ಟಕ್ಕೆ ಓಡುತ್ತಿದ್ದ ಪ್ರೋಗ್ರಾಮೊಂದನ್ನು ಸಾಯಿಸಿಬಿಡುತ್ತದೆ. ಹಾಗೆ ಸಾಯಿಸದೆ, ಚಿಕ್ಕವನ್ನು ಬೇಗ ಬದಿಗೆ ಸರಿಸುವುದು ಹೇಗೆ ಎಂಬುದೇ ಅವನ ಕೆಲಸ.

ಕರ್ನೆಲ್ ನೋಡಿಕೊಳ್ಳುವ ಹೊರದೇಶದವರು ಅವನ ತಿದ್ದುಪಡಿಯನ್ನು ಮತ್ತೆ ಮತ್ತೆ ತಿರುಗಿಸಿ ಕಳಿಸಿದರು. ಅವನು ಮತ್ತೆ ಮತ್ತೆ ತಿದ್ದಿ ಕಳಿಸಿದ. ಅವನ ಮೋರೆ ಇಳಿದಾಗಲೆಲ್ಲ ಶ್ರೀಲತಾ ಅವನದೇ ವೇಷ ಹಾಕುತ್ತಿದ್ದಳು: ಬೆರಳಗೆಣ್ಣಿನಿಂದ ಕನ್ನಡಕ ಮೇಲೆ ತಳ್ಳುವುದು, ಮಾತಿಗೆ ಮೊದಲು ಒಂದು ‘ಹ್ಮ್’, ಮೂಗಿನಲ್ಲಿ ಎಳೆದ ದನಿ. ಅವನೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ. ಕಡೆಗೆ ಅವರು ಒಪ್ಪಿದ ದಿನ ಅವನು ಅವಳ ಬುಟ್ಟಿಯ ಅತಿ ದೊಡ್ಡ ಅಂಜಲನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ನಡೆದಿದ್ದ.

*

ಆಸ್ಪತ್ರೆಯಿಂದ ಅನೂಪನನ್ನು ತಂದ ವ್ಯಾನು ಗೇಟಿನಲ್ಲೇ ನಿಂತುಬಿಟ್ಟಿತು. ಅಂಗಳದ ತುಂಬ ಸ್ಕೂಟರು, ರಿಕ್ಷಾ, ಪ್ಲಾಸ್ಟಿಕ್ ಕುರ್ಚಿ. ನಡುನಡುವೆ ಮಾರ್ಕೆಟ್ಟಿನಿಂದ ಸೀದಾ ಬಂದ ಮೀನಿನ ಹೆಂಗಸರು, ಅವರ ಖಾಲಿ ಬುಟ್ಟಿಗಳು. ದೇಹ ಇಳಿಸಬೇಕು, ಸುತ್ತು ಬರಬೇಕು, ಬಾಯಿಗೆ ನೀರು ಬಿಡಬೇಕು. ಭೋಜ ಮಾವನಿಗೆ ತಾಳ್ಮೆ ತಪ್ಪಿತು.

“ಹ್ವಾಯ್, ಬುಟ್ಟಿಯೋರೆಲ್ಲ ರಸ್ತಿಗ್ ಹೋಯ್ನಿ.”

ಹೆಂಗಸರು ಎದ್ದರು. ಮಂಡಿನೋವಿನ ಮುತ್ತಕ್ಕ ನೆಲಕ್ಕೆ ಕೈ ಊರಿ ಏಳಲು ನೋಡುತ್ತಿದ್ದಳು. ಹೊರಗೆ ರಸ್ತೆಯಲ್ಲಿ ಉರಿಬಿಸಿಲು.

ಶ್ರೀಲತಾ ಅಂಗಿಯನ್ನು ತೋಳ ಮೇಲೆ ಹಾಕಿಕೊಂಡು ಜಗಲಿಗೆ ಬಂದಳು. ಇಲ್ಲದ ಕನ್ನಡಕವನ್ನು ಬೆರಳಗೆಣ್ಣಿನಿಂದ ಮೇಲೆ ತಳ್ಳಿದಳು.

“ಹ್ಮ್. ಯಾರನ್ನೂ ಹೊರ್ಗ್ ಹಾಕುದ್ ಬ್ಯಾಡ. ಜಾಗ ಇತ್ತ್, ಒಟ್ಟಿಗಿಲ್ಲೆ ಅಷ್ಟೇ. ಸಲ್ಪ ಸರ್ಕಣಿ.”

ಯಾರೋ ನಕ್ಕು, ತಕ್ಷಣ ಬಾಯಿಗೆ ಕೈ ಹಿಡಿದರು. ವ್ಯಾನಿನಲ್ಲಿ ಮಲಗಿದವನ ದನಿ ಜಗಲಿಯಿಂದ ಬಂದಿತ್ತು. ಆಮೇಲೆ ಭೋಜ ಮಾವನೇ ಮುಂಡು ಎತ್ತಿ ಕಟ್ಟಿ, ಹತ್ತಿರದ ಸ್ಕೂಟರಿನ ಹಿಂಬದಿ ಎತ್ತಿ ಗೋಡೆಗೆ ಒತ್ತಿಸಿ ಇಟ್ಟರು. ಅದರ ಪಕ್ಕಕ್ಕೆ ಇನ್ನೊಂದು ಬಂತು. ರಿಕ್ಷಾಗಳು ಬಾವಿಕಟ್ಟೆಯತ್ತ ಹೋದವು, ಬುಟ್ಟಿಗಳು ಒಂದರೊಳಗೊಂದು ಕೂತವು, ಮುತ್ತಕ್ಕ ಕೂತಲ್ಲಿಂದಲೇ ಒಂದು ಮಾರು ಜರುಗಿದಳು. ಅಂಗಳದ ನಡುವೆ, ಅದುವರೆಗೆ ಎಲ್ಲಿತ್ತೋ ಎಂಬಂತೆ, ಅಗಲವಾದ ಜಾಗವೊಂದು ತೆರೆಯಿತು. ಒಬ್ಬರೂ ಹೊರಗೆ ಹೋಗಿರಲಿಲ್ಲ. ವ್ಯಾನು ಮೆಟ್ಟಿಲವರೆಗೆ ಬಂತು.

“ಇದಾ ಅಂವ ಮಾಡ್ತಿದ್ ಕೆಲ್ಸ?” ಭೋಜ ಮಾವ ಏದುಸಿರು ಬಿಡುತ್ತ ಕೇಳಿದರು.

“ಇದೇ ಮಾವ. ನಿಮ್ಮ್ ಕಿಸಿಯಗಿಪ್ಪು ಫೋನಿನಗೂ ಇತ್ತ್, ಹೊರದೇಶದ್ ಫೋನಿನಗೂ ಇತ್ತ್.”

ಮಾವ ಕಿಸೆ ಮುಟ್ಟಿ ನೋಡಿಕೊಂಡರು. ಚಟ್ಟ ಎತ್ತುವ ಮೊದಲು ಮಾತಾಡುವಾಗ ರಿಪೇರಿಯ ಸುದ್ದಿಯನ್ನೇ ಎತ್ತಲಿಲ್ಲ. ಸ್ಕೂಟರುಗಳ ಸಾಲನ್ನು ಕೈಯೆತ್ತಿ ತೋರಿಸಿ, ಎಷ್ಟೋ ದೇಶದ ಫೋನುಗಳಲ್ಲಿ ನಮ್ಮ ಬೀಜಾಡಿಯ ಹುಡುಗ ಹೀಗೆ ಮಾಡಿಸಿದ್ದಾನೆ ಎಂದರು. ಶ್ರೀಲತಾ ಆಗ ಅತ್ತಳು, ತಲೆ ಎತ್ತಿಕೊಂಡೇ.

ಸಂಜೆ ಗಂಡಸರು ಸ್ಮಶಾನದಿಂದ ಮರಳಿದ ಮೇಲೂ ಅಂಗಳದ ನಡುವಿನ ಜಾಗ ಹಾಗೇ ಖಾಲಿಯಿತ್ತು. ಬ್ರಹ್ಮಾವರದಿಂದ ತಡವಾಗಿ ಬಂದ ನೆಂಟನೊಬ್ಬ ಬೈಕನ್ನು ನೇರ ಅಲ್ಲಿಗೇ ತಂದ. ಜಗಲಿಯಲ್ಲಿ ಒದ್ದೆ ಮುಂಡಿನಲ್ಲಿ ಕೂತಿದ್ದ ಭೋಜ ಮಾವ ಬೆರಳಗೆಣ್ಣಿನಿಂದ ಮೂಗಿನ ಮೇಲ್ಭಾಗ ಒತ್ತಿ, ‘ಹ್ಮ್’ ಎಂದು, ಗೋಡೆಯ ಬದಿಯಲ್ಲಿ ಎರಡು ಸ್ಕೂಟರುಗಳ ನಡುವಿನ ಸಂದು ತೋರಿಸಿದರು.