ತುಕ್ಕಿನ ಆರೈಕೆ

"ಬಂತು! ಅಮ್ಮಾ, ಬಂತು ನೋಡು, ಬಂದೇಬಿಡ್ತು!"

ಬಚ್ಚಲುಮನೆಯಿಂದ ಎದ್ದ ಕೂಗಿಗೆ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ನಲ್ಲಿಯಲ್ಲಿ ನೀರು ಬಂತೋ, ಮೋರಿಯಿಂದ ಹಾವು ಬಂತೋ ಎಂದು ಇಣುಕಿದರೆ, ಮಗಳು ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡು ಹಗ್ಗಕ್ಕೆ ಜೋತುಬಿದ್ದ ಉದ್ದನೆಯ ಬಂದೂಕಿನ ನಳಿಗೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಹಿಂದಿನ ದಿನ ತೊಳೆದ ಚಮಚದಂತೆ ಹೊಳೆಯುತ್ತಿದ್ದ ಅದರ ಮೈತುಂಬ ಈಗ ಕೆಂಪು ಪುಡಿ ಎದ್ದಿತ್ತು.

"ಏನೇ ಬಂದಿದ್ದು?"

"ತುಕ್ಕು!"

ಅಮ್ಮ ಹಣೆ ಚಚ್ಚಿಕೊಂಡಳು. "ತುಕ್ಕು ಬಂತು ಅಂತ ಕುಣಿಯೋಳನ್ನ ಈ ಜನ್ಮದಲ್ಲಿ ನಿನ್ನೊಬ್ಬಳನ್ನೇ ನೋಡಿದ್ದು ಕಣೇ. ಅಲ್ಲಿ ಹಾಲು ಉಕ್ಕಿಹೋಯ್ತು!"

ಮಗಳಿಗೆ ಹಾಲಿನ ಚಿಂತೆ ಎಲ್ಲಿಯದು? ನಲವತ್ತಕ್ಕೆ ಎರಡು ಕಮ್ಮಿ ವಯಸ್ಸಿನ ಆಕೆಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಪಾಲಿಶಕ್ಕ ಎಂದು. ಹಳೆಯ ಮೇಜು, ಕುರ್ಚಿ, ಬೀರುಗಳಿಗೆ ಪಾಲಿಶ್ ಹಾಕುವುದು ಅವಳ ಕಸುಬು. ಮ್ಯೂಸಿಯಮ್ಮಿನ ಮೇಡಂ ಚಿತ್ರಗಳ ಚೌಕಟ್ಟಿನ ಕೆಲಸ ಕೊಟ್ಟಿದ್ದರು. ಅದು ಒಪ್ಪಿಗೆಯಾಗಿ, ಹಳೆಯ ಬಂದೂಕೊಂದರ ಮರದ ಹಿಡಿಯನ್ನೂ ಕೊಟ್ಟರು. "ನಳಿಗೆಗೆ ಹಳೇ ಕಾಲದ ಹಾಗೆ ತುಕ್ಕಿನಿಂದಲೇ ಕಂದು ಬಣ್ಣ ಕೂರಿಸೋರು ಮಾತ್ರ ಇಲ್ಲಿ ಯಾರೂ ಇಲ್ಲ" ಎಂದು ಅವರು ನಿಟ್ಟುಸಿರು ಬಿಟ್ಟಾಗ ಇವಳ ಬಾಯಿ ಸುಮ್ಮನಿರಬೇಕಲ್ಲ? "ನಾನು ಮಾಡ್ತೀನಿ ಮೇಡಂ" ಎಂದುಬಿಟ್ಟಳು. ಅಲ್ಲಿಯವರೆಗೆ ಅವಳು ಕಂದು ಮಾಡಿದ್ದು ಹಿತ್ತಲಿನ ನಲ್ಲಿಯ ಒಂದು ತುಂಡು ಪೈಪು, ಮತ್ತು ಮನೆಯ ಬಾಗಿಲುಗಳ ನಾಲ್ಕು ಚಿಲಕ. ಅಷ್ಟೇ!

ಮೇಡಂ ಶನಿವಾರ ಬೆಳಿಗ್ಗೆ ಹತ್ತಕ್ಕೆ ನೋಡಲು ಬರುತ್ತೇನೆ ಎಂದಿದ್ದರು. ಇದು ಹಿಡಿಸಿದರೆ ಉಳಿದ ಹನ್ನೊಂದು ಬಂದೂಕುಗಳೂ ಇವಳ ಕೈಗೆ. ಹಿಡಿಸದಿದ್ದರೆ ಎಲ್ಲವೂ ದೂರದ ಯಾವುದೋ ಕಾರ್ಖಾನೆಗೆ. ಹನ್ನೊಂದು! ಪಾಲಿಶಕ್ಕ ಆ ಸಂಖ್ಯೆಯನ್ನು ದಿನಕ್ಕೆ ಹತ್ತು ಸಲ ಬೆರಳಲ್ಲಿ ಎಣಿಸುತ್ತಿದ್ದಳು. ಎಷ್ಟು ಕಾಲ ಅಂತ ಬೇರೆಯವರ ಊಟದ ಮೇಜು ಉಜ್ಜುತ್ತಾ ಕೂರುವುದು?

ಕೆಲಸವೋ, ಮಗು ಸಾಕಿದ ಹಾಗೆ. ನಳಿಗೆಯ ಎರಡೂ ಬಾಯಿಗೆ ಮರದ ಬೆಣೆ ಜಡಿಯಬೇಕು. ಸುಣ್ಣದ ಪುಡಿ ಹಾಕಿ ತಿಕ್ಕಿ, ಜಿಡ್ಡಿನ ಹೆಸರಿಲ್ಲದಂತೆ ತೊಳೆಯಬೇಕು. ಆಮೇಲೆ ತುಕ್ಕು ಹಿಡಿಸುವ ಮದ್ದಿನಲ್ಲಿ ಬಟ್ಟೆ ಅದ್ದಿ, ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಬಳಿಯಬೇಕು. ಬಳಿದ ಜಾಗಕ್ಕೆ ಮತ್ತೆ ಬಟ್ಟೆ ತಾಗಿಸಿದರೆ ಕೆಟ್ಟಿತು. ಹಬೆ ತುಂಬಿದ ಕೋಣೆಯಲ್ಲಿ ತೂಗುಹಾಕಿದರೆ ಅರ್ಧ ದಿನಕ್ಕೆ ತುಕ್ಕು ಏಳುತ್ತದೆ. ಅದನ್ನು ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಮದ್ದು, ಮತ್ತೆ ಹಬೆ. ಹೀಗೆ ಏಳೆಂಟು ಸಲ. ಹಬೆಗೆ ಬಚ್ಚಲುಮನೆಯೇ ಸರಿ ಎಂದು ಮಗಳು ಸೋಮವಾರದಿಂದ ಅದನ್ನು ಆಕ್ರಮಿಸಿಕೊಂಡಿದ್ದಳು. ಅಮ್ಮ ಟವಲು, ಸೋಪು ಹಿಡಿದು ಪಕ್ಕದ ಮನೆಯ ನರ್ಸಮ್ಮನಲ್ಲಿಗೆ ಸ್ನಾನಕ್ಕೆ ಹೋಗುತ್ತಿದ್ದಳು. "ಕೋವಿಗೆ ಬಿಸಿನೀರು, ಹೆತ್ತವಳಿಗೆ ಬೀದಿ" ಎಂದು ಹೋಗುವಾಗಲೂ ಬರುವಾಗಲೂ ಹೇಳುತ್ತಿದ್ದಳು.

ಅಪ್ಪನ ಕಥೆಯೇ ಬೇರೆ. ಅವನು ಮೂವತ್ತಾರು ವರ್ಷ ಪೊಲೀಸ್ ಆಯುಧಾಗಾರದಲ್ಲಿ ಬಂದೂಕು ರಿಪೇರಿ ಮಾಡಿದವನು. ಸದಾ ಹೆಗಲ ಮೇಲೊಂದು ಎಣ್ಣೆ ಬಟ್ಟೆ; ಅದಕ್ಕೇ ಜೊತೆಯವರು ಇಟ್ಟ ಹೆಸರು 'ಎಣ್ಣೆಬಟ್ಟೆ'. ನಿವೃತ್ತಿಯಾದ ಮೇಲೂ ಆ ಬಟ್ಟೆ ಹೆಗಲಿನಿಂದ ಇಳಿದಿರಲಿಲ್ಲ. ಕಿಟಕಿಯ ಸರಳು, ಗೇಟಿನ ಕೀಲು, ಅಮ್ಮನ ಕತ್ತರಿ, ಕಣ್ಣಿಗೆ ಬಿದ್ದ ಕಬ್ಬಿಣವನ್ನೆಲ್ಲ ಒರೆಸುತ್ತ ಓಡಾಡುತ್ತಿದ್ದ. ಮಗಳು ಬೇಕೆಂದೇ ತುಕ್ಕು ಹಿಡಿಸುತ್ತಾಳೆಂದರೆ ಅವನಿಗೆ ಹೇಗಾಗಿರಬೇಡ?

"ನೋಡು ಮಗಾ, ಮರ ನಿನ್ನ ಮಾತು ಕೇಳುತ್ತೆ, ನಾನು ಇಲ್ಲ ಅನ್ನಲ್ಲ. ಕಬ್ಬಿಣ ಕೇಳಲ್ಲ. ಸರ್ವಿಸ್‌ನಲ್ಲಿ ನನ್ನ ಕೈಲಿ ಒಂದು ಚುಕ್ಕಿ ತುಕ್ಕು ಕಂಡಿದ್ರೆ ಚರ್ಮ ಸುಲೀತಿದ್ರು ಗೊತ್ತಾ?"

"ಇದು ಕೆಟ್ಟ ತುಕ್ಕಲ್ಲ ಅಪ್ಪಾ. ಇದೇ ಬಣ್ಣ ಆಗೋದು."

"ತುಕ್ಕಲ್ಲೂ ಒಳ್ಳೇದು ಕೆಟ್ಟದ್ದು ಇದೆಯಾ! ಸರಿ, ಮಾಡ್ಕೊ. ನಾನು ಆ ಕಡೆ ತಲೆ ಹಾಕಲ್ಲ."

ಪಾಲಿಶಕ್ಕ ನಕ್ಕಳು. ಆದರೆ 'ಕಬ್ಬಿಣ ಕೇಳಲ್ಲ' ಎಂಬ ಮಾತು ಅವಳಿಗೆ ನಾಟಿತ್ತು. ಹನ್ನೊಂದು ಬಂದೂಕಿಗಿಂತ ಹೆಚ್ಚಾಗಿ, ಅಪ್ಪನೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬ ಹಟ ಹತ್ತಿತ್ತು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಆರು ಸಲ ಮುಗಿದಿತ್ತು. ಪ್ರತಿ ಸಲವೂ ತುಕ್ಕು ಇನ್ನಷ್ಟು ಸಣ್ಣಗೆ, ಇನ್ನಷ್ಟು ಒತ್ತಾಗಿ ಏಳುತ್ತಿತ್ತು; ಅವಳಿಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸ್ಟೀಲ್ ನಾರು ಮುಗಿಯಿತೆಂದು ಅಂಗಡಿಗೆ ಹೋದವಳು ಹತ್ತೇ ನಿಮಿಷಕ್ಕೆ ಓಡುತ್ತ ಬಂದಳು. ಬಚ್ಚಲುಮನೆಯ ಬಾಗಿಲು ತೆರೆದಿತ್ತು. ಒಳಗೆ ಅಪ್ಪ ನಳಿಗೆಯ ಮುಂದೆ ನಿಂತಿದ್ದ. ಎಣ್ಣೆ ಬಟ್ಟೆ ಅವನ ಕೈಯಲ್ಲಿತ್ತು, ಹೆಗಲ ಮೇಲಿರಲಿಲ್ಲ.

ಅರ್ಧ ನಳಿಗೆ ಎಣ್ಣೆಯಿಂದ ಮಿರಮಿರ ಮಿನುಗುತ್ತಿತ್ತು.

"ಅಪ್ಪಾ! ಏನು ಮಾಡಿಬಿಟ್ಟೆ!"

ಅಪ್ಪ ಕದ್ದು ಸಿಕ್ಕಿಬಿದ್ದವನ ಹಾಗೆ ತಿರುಗಿದ. "ನಾನು... ಬಿಸಿನೀರು ಆರಿದೆಯಾ ನೋಡೋಣ ಅಂತ ಬಂದೆ ಕಣೇ. ನಿನಗೆ ಸಹಾಯ ಆಗ್ಲಿ ಅಂತ. ಕೆಂಪಗೆ ಕಾಣಿಸ್ತು. ಕೈ ತಾನಾಗೇ ಹೋಯ್ತು. ಅರ್ಧಕ್ಕೆ ಬಂದಾಗ ನೆನಪಾಯ್ತು. ದೇವರಾಣೆ ಬೇಕು ಅಂತ ಮಾಡ್ಲಿಲ್ಲ."

ಆ ಮುಖ ನೋಡಿ ಹೆಚ್ಚು ಕೂಗಾಡಲು ಮಗಳಿಗೆ ಮನಸ್ಸು ಬರಲಿಲ್ಲ. ಆದರೂ ಅಳು ಬಂತು, ಸಿಟ್ಟೂ ಬಂತು. ನಳಿಗೆಯನ್ನು ಹಗ್ಗದಿಂದ ಬಿಚ್ಚಿ, ಎಷ್ಟು ಹಾಳಾಗಿದೆ ನೋಡಿಯೇ ಬಿಡೋಣ ಎಂದು ಹಿತ್ತಲಿನ ಬಿಸಿಲಿಗೆ ಹೊತ್ತುಕೊಂಡು ಹೋದಳು.

ಬಿಸಿಲಲ್ಲಿ ಹಿಡಿದಳು. ಹಿಡಿದವಳು ಹಾಗೇ ನಿಂತಳು.

ಎಣ್ಣೆ ತಾಗದ ಅರ್ಧ ಇಟ್ಟಿಗೆ ಪುಡಿಯ ಹಾಗೆ ಮಂಕಾಗಿತ್ತು. ಎಣ್ಣೆ ಕುಡಿದ ಅರ್ಧವೋ, ಒಳ್ಳೆಯ ಖರ್ಜೂರದ ಬಣ್ಣ! ಆಳವಾದ, ನಯವಾದ ಕಂದು. ತುಕ್ಕಿನ ಕೆಳಗೆ ಅದು ಆಗಲೇ ಬಂದು ಕೂತಿತ್ತು, ಅವಳಿಗೇ ಗೊತ್ತಿರಲಿಲ್ಲ.

"ಅಪ್ಪಾ! ಬಾರೋ ಇಲ್ಲಿ! ಅಮ್ಮಾ, ನೀನೂ ಬಾ! ಬಣ್ಣ ನೋಡಿ, ಬಣ್ಣ!"

ಅಪ್ಪ ಹೊಸ್ತಿಲಲ್ಲೇ ನಿಂತು ಕತ್ತು ಚಾಚಿದ. ಹತ್ತಿರ ಬರಲು ಧೈರ್ಯ ಸಾಲಲಿಲ್ಲ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದು, ಕನ್ನಡಕ ಏರಿಸಿ, ತುದಿಯಿಂದ ತುದಿಗೆ ಕಣ್ಣು ಓಡಿಸಿದ. ಎಷ್ಟೋ ಸಾವಿರ ನಳಿಗೆ ನೋಡಿದ ಕಣ್ಣು ಅದು.

"ಹೌದಲ್ಲೇ... ಕೂತುಬಿಟ್ಟಿದೆ" ಎಂದ. ತಕ್ಷಣ ಅವನ ಹುಬ್ಬು ಗಂಟಾಯಿತು. "ತಡಿ. ತಿರುಗಿಸು. ಇನ್ನೂ ಸ್ವಲ್ಪ. ಇಲ್ಲಿ ನೋಡು, ಇಲ್ಲಿ ಕೂತಿಲ್ಲ."

ನಳಿಗೆಯ ಹೊಟ್ಟೆಯ ಕಡೆ, ಎರಡು ಬೆರಳಗಲ ಜಾಗ ಬೋಳಾಗಿತ್ತು. ತುಕ್ಕಿನ ಪುಡಿ ಮೇಲೆ ಹರಡಿ ಅಲ್ಲಿಯವರೆಗೆ ಮುಚ್ಚಿಟ್ಟಿತ್ತು. ಎಣ್ಣೆ ಬಿದ್ದಾಗ ಬಯಲಾಯಿತು. ಪಾಲಿಶಕ್ಕ ಮಾಡಿದ ಕೆಲಸವನ್ನೆಲ್ಲ ಮೊದಲಿಂದ ನೆನಪಿಸಿಕೊಂಡಳು. ಸೋಮವಾರ ನಳಿಗೆ ತೊಳೆದ ಮೇಲೆ ಕೊನೆಯ ನೀರು ಒರೆಸಿದ್ದು ಯಾವುದರಲ್ಲಿ? ಬಾಗಿಲ ಹಿಂದಿನ ಮೊಳೆಯ ಟವಲಿನಲ್ಲಿ! ಆ ಮನೆಯಲ್ಲಿ ಟವಲು, ಚಿಲಕ, ಬಕೆಟ್ಟಿನ ಹಿಡಿ, ಯಾವುದಕ್ಕೆ ತಾನೇ ಅಪ್ಪನ ಕೈ ತಾಗಿಲ್ಲ? ಜಿಡ್ಡಿದ್ದಲ್ಲಿ ಮದ್ದು ಕಚ್ಚುವುದಿಲ್ಲ.

"ಇದು ಶನಿವಾರ ಮೇಡಂ ಮುಂದೆ ಗೊತ್ತಾಗಿದ್ರೆ?" ಎಂದಳು ಅಮ್ಮ.

ಮೂವರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವಳು ಮಗಳು. ಅವಳು ನಗಲು ಶುರುಮಾಡಿದರೆ ನಿಲ್ಲಿಸುವವಳಲ್ಲ, ಅಮ್ಮನಿಗೂ ಅಂಟಿತು. ಅಪ್ಪ ಮಾತ್ರ ನಗಲಿಲ್ಲ. ಹೆಗಲ ಬಟ್ಟೆಯನ್ನು ಮಡಿಸಿ ಹಿತ್ತಲಿನ ಕಲ್ಲಿನ ಮೇಲಿಟ್ಟು ಹೇಳಿದ, "ಇನ್ನೂ ಎರಡು ದಿನ ಇದೆ. ಏನು ಮಾಡ್ಬೇಕು ಹೇಳು. ನೀನು ಹೇಳಿದಷ್ಟು ಮಾಡ್ತೀನಿ, ಹೆಚ್ಚಿಗೆ ಕೈ ಹಾಕಲ್ಲ."

ಆಗ ಶುರುವಾಯಿತು ನೋಡಿ ಗಲಾಟೆ! ಅಪ್ಪ ಸುಣ್ಣದ ಪುಡಿಯಲ್ಲಿ ಮೂರು ಸಲ ಕೈ ತೊಳೆದು, ಶಾಲೆಯ ಹುಡುಗನಂತೆ ಅಂಗೈ ಚಾಚಿ ಅಮ್ಮನಿಗೆ ತೋರಿಸಿದ. ಅಮ್ಮ ಮೂಸಿ ನೋಡಿ, "ಇನ್ನೂ ವಾಸನೆ ಇದೆ, ಹೋಗ್ರೀ" ಎಂದು ನಾಲ್ಕನೆಯ ಸಲ ಕಳಿಸಿದಳು. ಮಗಳು ಇಡೀ ನಳಿಗೆಯ ಜಿಡ್ಡು ತೆಗೆದು, ಬೋಳು ಜಾಗವನ್ನು ಉಜ್ಜಿ, ಅಲ್ಲಿಗಷ್ಟೇ ಮದ್ದು ಇಟ್ಟಳು. ಹಬೆ ಹೆಚ್ಚಾದರೆ ತುಕ್ಕು ಬೇಗ ಬರುತ್ತದೆಂದು ಅಪ್ಪ ಒಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಒಲೆಗೆ ಓಡಾಡುತ್ತ ಬಿಸಿನೀರು ಹೊತ್ತ. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದವಳು ಅಮ್ಮ. ಶುಕ್ರವಾರ ಬೆಳಿಗ್ಗೆ ಅಪ್ಪ ಸಂದಿಯಿಂದ ಇಣುಕಿ, ಪಿಸುಮಾತಿನಲ್ಲಿ ಕರೆದ:

"ಏಯ್, ಬಂದಿದೆ ಕಣೇ. ಕೆಂಪಗೆ, ಸಣ್ಣಗೆ. ಒಳ್ಳೇ ತುಕ್ಕು!"

ಆ ಮಾತು ಯಾರ ಬಾಯಿಂದ ಬಂತೆಂದು ಅವನಿಗೇ ಆಮೇಲೆ ಹೊಳೆದು, ಸುಮ್ಮನೆ ಕೆಮ್ಮಿದ.

ಬೋಳು ಜಾಗ ಉಳಿದ ಮೈಯೊಂದಿಗೆ ಕೂಡಿಕೊಳ್ಳಲು ನಾಲ್ಕು ಸಲ ಬೇಕಾಯಿತು. ಶನಿವಾರ ಬೆಳಿಗ್ಗೆ ಸೋಡಾ ಪುಡಿಯ ಕುದಿನೀರು ಹುಯ್ದು ತುಕ್ಕಿನ ಓಟ ನಿಲ್ಲಿಸಿ, ನಳಿಗೆ ಬಿಸಿಯಿರುವಾಗಲೇ ಅಪ್ಪನೂ ಮಗಳೂ ಎರಡು ತುದಿಯಿಂದ ಎಣ್ಣೆ ಹಚ್ಚುತ್ತ ನಡುವೆ ಬಂದು ಸೇರಿದರು. ಬೋಳು ಎಲ್ಲಿತ್ತೆಂದು ಇಬ್ಬರೂ ಹುಡುಕಿದರು. ಸಿಗಲಿಲ್ಲ.

ಮೇಡಂ ಹತ್ತಕ್ಕೆ ಐದು ನಿಮಿಷ ಮೊದಲೇ ಬಂದರು. ಬಂದವರೇ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು. ಬಿಳಿ ಕರವಸ್ತ್ರದಿಂದ ಉಜ್ಜಿ, ಬಣ್ಣ ಹತ್ತಿತೇ ಎಂದು ನೋಡಿದರು. ಇನ್ನೊಂದು ಸುತ್ತು ತಿರುಗಿಸಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಂಡುತ್ತಿದ್ದಳು.

ಮೇಡಂ ನಳಿಗೆಯನ್ನು ಮೇಜಿನ ಮೇಲಿಟ್ಟರು. "ಒಂದು ನಿಮಿಷ ಬನ್ನಿ" ಎಂದು ಹೊರಗೆ ನಡೆದರು. ಎಲ್ಲರೂ ಹಿಂದೆಯೇ ಹೋದರು. ಮೇಡಂ ಕಾರಿನ ಹಿಂಬಾಗಿಲು ತೆರೆದರೆ, ಸೀಟಿನ ಮೇಲೆ ಕಂಬಳಿ ಸುತ್ತಿದ ಇನ್ನೊಂದು ಉದ್ದನೆಯ ಗಂಟು.

"ಇಳಿಸೋದೋ ಬೇಡ್ವೋ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ತಾ ಬಂದೆ" ಎಂದು ನಕ್ಕರು. "ಉಳಿದ ಹತ್ತನ್ನ ಸೋಮವಾರ ಕಳಿಸ್ತೀನಿ."

ಮೇಡಂ ಎರಡೂ ಕೈಯಲ್ಲಿ ಗಂಟನ್ನೆತ್ತಿ, ಹತ್ತಿರದಲ್ಲೇ ನೆಟ್ಟಗೆ ನಿಂತಿದ್ದ ಅಪ್ಪನ ಕಡೆಗೆ ಚಾಚಿದರು. ಆಯುಧ ಹಿಡಿದು ಪಳಗಿದ ಮೈಕಟ್ಟು ಅವರಿಗೂ ಗೊತ್ತಾಗಿರಬೇಕು.

ಅಪ್ಪನ ಕೈ ಮೇಲೆದ್ದಿತು. ಅರ್ಧಕ್ಕೆ ನಿಂತಿತು.

"ನನಗಲ್ಲ ಮೇಡಂ" ಎಂದ. "ಕೆಲಸದವರ ಕೈಗೆ ಕೊಡಿ."

ಮಗಳು ಮುಂದೆ ಬಂದು ಎರಡೂ ತೋಳು ಚಾಚಿ ಭಾರವನ್ನು ತೆಗೆದುಕೊಂಡಳು. ಅಪ್ಪ ಅಷ್ಟರಲ್ಲಿ ದಾಪುಗಾಲು ಹಾಕಿ ಮೆಟ್ಟಿಲೇರಿದ್ದ. ಎಣ್ಣೆ ಜಿಡ್ಡಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿಲನ್ನು ಮೊಣಕೈಯಿಂದ ತಳ್ಳಿ, ಅವಳು ಒಳಗೆ ಹೋಗುವವರೆಗೆ ಹಾಗೆಯೇ ಒತ್ತಿ ಹಿಡಿದು ನಿಂತ.